ನೆಪ್ಚೂನಿನ ಆಚೆಗೆ ಲೆಕ್ಕ ಹಾಕಿದ ಬಾಗಲಕೋಟೆಯ ಮಾಸ್ತರರು

2020ರ ಡಿಸೆಂಬರ್ 21ರ ಸಂಜೆ ನೆನಪಿದೆಯೇ, ಗೆಳತಿಯರೇ? ಕೊರೊನಾ ಇನ್ನೂ ಹೋಗಿರಲಿಲ್ಲ. ಆದರೂ ಸಯನ್‌ನ ನಮ್ಮ ಕಟ್ಟಡದವರೆಲ್ಲ ಮೂಗು ಬಾಯಿ ಮುಚ್ಚಿಕೊಂಡು ಗಚ್ಚಿಯ ಮೇಲೆ ಸೇರಿದ್ದೆವು. ಧಾರಾವಿ, ಮಾಹಿಮ್‌ ಕಡೆಯ ಬಾನಿನಲ್ಲಿ ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಗುರು, ಶನಿ ಎರಡೂ ಒಂದೇ ಚುಕ್ಕೆಯೇನೋ ಎಂಬಂತೆ ಅಂಟಿಕೊಂಡು ಕಂಡವು. ನಡುವಿನ ಅಂತರ ಹುಣ್ಣಿಮೆಯ ಚಂದ್ರನ ಅಗಲದ ಐದನೆಯ ಒಂದು ಭಾಗದಷ್ಟು. ಇಪ್ಪತ್ತು ವರ್ಷಕ್ಕೊಮ್ಮೆ ಇವೆರಡೂ ಜೊತೆಯಾಗುತ್ತವೆ, ನಿಜ. ಆದರೆ ಇಷ್ಟು ಹತ್ತಿರ ಬಂದದ್ದು 1623ರ ನಂತರ ಅದೇ ಮೊದಲು. ಪಕ್ಕದ ಮನೆಯವರಿಗೆ ಇದು ಯಾವ ರಾಶಿಗೆ ಒಳ್ಳೆಯದು ಎಂಬ ಚಿಂತೆ. ಹತ್ತು ವರ್ಷದ ನನ್ನ ಮೊಮ್ಮಗಳಿಗೆ ಶನಿಯ ಆಚೆ ಏನಿದೆ ಎಂಬ ಚಿಂತೆ.

ಯುರೇನಸ್, ನೆಪ್ಚೂನ್, ಪ್ಲೂಟೊ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ವಾಟ್ಸಾಪಿನಲ್ಲಿ ಯಾರೋ ಕಳಿಸಿದ್ದು ತಲೆಯಲ್ಲಿತ್ತು ನೋಡಿ. ಪ್ಲೂಟೊ ಗ್ರಹವನ್ನು ಮೊದಲು ಕಂಡುಹಿಡಿದವರು ನಮ್ಮ ಬಾಗಲಕೋಟೆಯ ಒಬ್ಬ ಮಾಸ್ತರರು, ಅದಕ್ಕೆ ಬ್ರಹ್ಮ ಎಂದು ಹೆಸರಿಟ್ಟಿದ್ದರು, ಬಿಳಿಯರು ಅದನ್ನು ತಮ್ಮದು ಮಾಡಿಕೊಂಡರು ಎಂದು ತವರಿನ ಅಭಿಮಾನದಿಂದ ಸೇರಿಸಿಬಿಟ್ಟೆ.

ಶಾಲೆಗಳು ಮತ್ತೆ ತೆರೆದ ಮೇಲೆ ಅವಳ ತರಗತಿಗೆ ಸೌರಮಂಡಲದ ಚಾರ್ಟ್ ಮಾಡುವ ಕೆಲಸ ಬಂತು. ಬಣ್ಣದ ಕಾಗದ, ಥರ್ಮೋಕೋಲ್ ಚೆಂಡು ಎಲ್ಲ ಹಚ್ಚಿ, ಕೊನೆಗೆ ನನ್ನ ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟಿದ್ದಳು. ಅದೊಂದೇ ಸಾಲಿನ ಮೇಲೆ ಕೆಂಪು ಗೀಟು ಎಳೆಸಿಕೊಂಡು ಮನೆಗೆ ಬಂದಳು. ಅಳಲಿಲ್ಲ. ನೀನು ಹೇಳಿದ್ದು ಖರೆಯೋ ಸುಳ್ಳೋ ಎಂದಷ್ಟೇ ಕೇಳಿದಳು. ನನ್ನ ಬಾಯಿ ಕಟ್ಟಿತು. ನಾನು ಹುಟ್ಟಿ ಬೆಳೆದ ಊರಿನ ಒಬ್ಬ ಮನುಷ್ಯನ ಬಗ್ಗೆ ನನಗೆ ತಿಳಿದಿದ್ದದ್ದು ಒಂದು ಫಾರ್ವರ್ಡ್ ಸಂದೇಶದಷ್ಟೇ! ಅಂದಿನಿಂದ ಹುಡುಕಿ ಓದಿದ್ದನ್ನು ಈ ಸಂಚಿಕೆಗಾಗಿ ಬರೆಯುತ್ತಿದ್ದೇನೆ. ಮೊಮ್ಮಗಳಿಗೆ ಕೊಡಬೇಕಾದ ಉತ್ತರವೂ ಇದೇ.

ಅವರ ಹೆಸರು ವೆಂಕಟೇಶ ಬಾಪೂಜಿ ಕೇತಕರ. ಹುಟ್ಟಿದ್ದು 1854ರ ಜನವರಿಯಲ್ಲಿ, ಈಗ ಗದಗ ಜಿಲ್ಲೆಯಲ್ಲಿರುವ ನರಗುಂದದಲ್ಲಿ. ಆಗ ನರಗುಂದ ಭಾವೆ ಮನೆತನದ ಸಣ್ಣ ಸಂಸ್ಥಾನ. ಹುಡುಗನಿಗೆ ನಾಲ್ಕು ವರ್ಷವಾದಾಗ, 1858ರಲ್ಲಿ, ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದರು, ಸೋತರು, ಬೆಳಗಾವಿಯಲ್ಲಿ ಗಲ್ಲಿಗೇರಿದರು. ನರಗುಂದದ ಬಂಡಾಯ ನಮಗೆಲ್ಲ ಶಾಲೆಯಲ್ಲಿ ಪಾಠವಾಗಿತ್ತು. ಅದೇ ಊರಿನ ಅದೇ ಕಾಲದ ಕೂಸೊಂದು ಮುಂದೆ ಆಕಾಶದ ಲೆಕ್ಕ ಹಾಕಿತೆಂದು ಯಾರೂ ಹೇಳಿರಲಿಲ್ಲ. ತಂದೆಗೆ ಜ್ಯೋತಿಷ ಗಣಿತದ ಅಭ್ಯಾಸವಿತ್ತು. ಮಗನಿಗೆ ಆ ವಿದ್ಯೆ ಮನೆಯಲ್ಲೇ ಸಿಕ್ಕಿತು. ಇಂಗ್ಲಿಷ್ ಕಲಿತು, ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆ ಸೇರಿ ಶಿಕ್ಷಕರಾದರು. ಬಾಗಲಕೋಟೆಯ ಇಂಗ್ಲಿಷ್ ಶಾಲೆಯಲ್ಲಿ ಬಹಳ ವರ್ಷ ಹೆಡ್ ಮಾಸ್ತರರಾಗಿದ್ದರು. ಬಾಗಲಕೋಟೆ ಆಗ ವಿಜಾಪುರ ಜಿಲ್ಲೆಯ ಒಂದು ತಾಲೂಕು ಊರು. ಆಡಳಿತ ನೋಡಿದರೆ ಅದೂ ಈ ಮುಂಬಯಿಗೇ ಸೇರಿದ್ದು.

ಕೇತಕರರ ಮನೆಮಾತು ಮರಾಠಿ, ಬಾಳಿದ ಊರಿನ ಮಾತು ಕನ್ನಡ, ಕಲಿಸಿದ್ದು ಇಂಗ್ಲಿಷ್, ಗ್ರಂಥ ಬರೆದದ್ದು ಹೆಚ್ಚಾಗಿ ಸಂಸ್ಕೃತದಲ್ಲಿ. ಅವರು ನಮ್ಮವರೋ ಅವರವರೋ ಎಂದು ಇಲ್ಲಿಯ ಮರಾಠಿ ಗೆಳತಿಯರೊಂದಿಗೆ ಜಗ್ಗಾಡಬಹುದು. ನನಗಂತೂ ಆ ಜಗಳದಲ್ಲಿ ಆಸಕ್ತಿಯಿಲ್ಲ. ಘಟಪ್ರಭೆಯ ನೀರು ಕುಡಿದವರು, ಅಷ್ಟು ಸಾಕು.

ಅವರ ಜೀವಮಾನದ ಕೆಲಸ ಪ್ಲೂಟೊ ಅಲ್ಲ, ಪಂಚಾಂಗ. ಇದು ಓದಿದ ಮೇಲೆ ನನಗೆ ತಿಳಿದ ಮೊದಲ ಸಂಗತಿ. ಪಂಚಾಂಗ ಅಂದಕೂಡಲೇ ನನಗೆ ನಮ್ಮ ಮನೆಯದೇ ಒಂದು ಹಳೆಯ ಕಥೆ ನೆನಪಾಗುತ್ತದೆ. ಅದನ್ನು ಹೇಳದೆ ಕೇತಕರರ ಕೆಲಸದ ಬೆಲೆ ತಿಳಿಯುವುದಿಲ್ಲ.

1968ರಲ್ಲಿ ನಮ್ಮ ಅಜ್ಜ ಹೋದರು. ನಾನು ಹತ್ತು ವರ್ಷದವಳು. ರಾತ್ರಿ ಊಟ ಮಾಡಿ ಮಲಗಿದವರು ನಸುಕಿನ ಮೊದಲೇ ಉಸಿರು ಬಿಟ್ಟಿದ್ದರು. ನಮ್ಮಪ್ಪ ನೋಡುತ್ತಿದ್ದ ಹಳೆಯ ಪದ್ಧತಿಯ ಪಂಚಾಂಗದ ಪ್ರಕಾರ ಆ ಹೊತ್ತಿಗೆ ಇನ್ನೂ ಅಷ್ಟಮಿ. ವಿಜಾಪುರದಲ್ಲಿ ಮಾಸ್ತರಿಕೆ ಮಾಡುತ್ತಿದ್ದ ಕಾಕಾ ತಂದ ಪಂಚಾಂಗದ ಪ್ರಕಾರ ಅಷ್ಟಮಿ ಮುಗಿದು ನವಮಿ ಹತ್ತಿಯಾಗಿತ್ತು. ಹದಿಮೂರು ದಿನ ಹೇಗೋ ಕಳೆಯಿತು. ವರ್ಷಾಂತಕ್ಕೆ ಬಂದಾಗ ಅಣ್ಣತಮ್ಮಂದಿರ ಮಾತು ನಿಂತಿತು. ಅಪ್ಪ ಅಷ್ಟಮಿಗೆ ಶ್ರಾದ್ಧ ಮಾಡಿದರೆ ಕಾಕಾ ಮರುದಿನ ತಮ್ಮ ಮನೆಯಲ್ಲಿ ಮಾಡುತ್ತಿದ್ದರು. ಇಬ್ಬರಿಗೂ ತಮ್ಮ ತಂದೆಗೆ ತಿಥಿ ತಪ್ಪಬಾರದೆಂಬುದೇ ಕಾಳಜಿ. ಹೆಂಡತಿಯಾದ ಅಜ್ಜಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಅವಳು ಎರಡೂ ದಿನ ಒಪ್ಪತ್ತು ಇರುತ್ತಿದ್ದಳು. ಹೀಗೆ ಹದಿನೈದು ವರ್ಷ ನಡೆಯಿತು.

ಒಂದೇ ಚಂದ್ರನಿಗೆ ಎರಡು ತಿಥಿ ಹೇಗೆ? ಸೂರ್ಯನಿಂದ ಚಂದ್ರ 12 ಅಂಶ ದೂರ ಸರಿದರೆ ಒಂದು ತಿಥಿ. ಚಂದ್ರ ಒಂದೇ ವೇಗದಲ್ಲಿ ನಡೆಯುವುದಿಲ್ಲ, ಭೂಮಿಗೆ ಹತ್ತಿರವಾದಾಗ ಓಡುತ್ತಾನೆ, ದೂರವಾದಾಗ ಕಾಲೆಳೆಯುತ್ತಾನೆ. ಸೂರ್ಯನ ಸೆಳೆತವೂ ಅವನ ನಡಿಗೆಯನ್ನು ಹಿಂದೆಮುಂದೆ ಮಾಡುತ್ತದೆ. ಹಳೆಯ ಗಣಿತದಲ್ಲಿ ತಿಥಿಯೊಂದು ಹೆಚ್ಚೆಂದರೆ 65 ಘಟಿ, ಕಡಿಮೆ ಎಂದರೆ 54 ಘಟಿ. ಒಂದು ಘಟಿ ಎಂದರೆ 24 ನಿಮಿಷ. ದೂರದರ್ಶಕದಿಂದ ಚಂದ್ರನನ್ನು ಅಳೆದವರಿಗೆ ಸಿಕ್ಕದ್ದು ಬೇರೆ. ತಿಥಿ 67 ಘಟಿಯ ತನಕ ಹಿಗ್ಗುತ್ತದೆ, 50 ಘಟಿಗೆ ಕುಗ್ಗುತ್ತದೆ. ಹೀಗಾಗಿ ಎರಡು ಪಂಚಾಂಗಗಳ ನಡುವೆ ಕೆಲವು ದಿನ ಹಲವು ತಾಸುಗಳ ಅಂತರ ಬೀಳುತ್ತದೆ. ನಮ್ಮ ಅಜ್ಜ ಹೋದದ್ದು ಅಂಥದೊಂದು ಸಂದಿನಲ್ಲಿ.

ಮಹಾರಾಷ್ಟ್ರ ಮತ್ತು ನಮ್ಮ ಉತ್ತರ ಕರ್ನಾಟಕದ ಬಹಳಷ್ಟು ಪಂಚಾಂಗಗಳಿಗೆ ಆಧಾರವಾಗಿದ್ದದ್ದು ಗಣೇಶ ದೈವಜ್ಞನ ಗ್ರಹಲಾಘವ. ಅದು 1520ರ ಸುಮಾರಿನ ಗ್ರಂಥ. ಅದರ ಕರ್ತೃ ಈ ಕೊಂಕಣ ದಂಡೆಯ ನಾಂದಗಾವಿನವನು. ಕಷ್ಟದ ತ್ರಿಕೋಣಮಿತಿಯನ್ನು ಬಿಟ್ಟು ಹಳ್ಳಿಯ ಜೋಯಿಸರೂ ಬೆರಳ ಮೇಲೆ ಎಣಿಸುವ ಹಾಗೆ ಗ್ರಹಗಣಿತವನ್ನು ಹಗುರ ಮಾಡಿಕೊಟ್ಟ ಅಸಾಮಾನ್ಯ ಬುದ್ಧಿವಂತ. ತನ್ನ ಕಾಲಕ್ಕೆ ಅವನು ಸರಿಯಾಗಿಯೇ ಇದ್ದ. ಆದರೆ ಗಡಿಯಾರ ದಿನಕ್ಕೆ ಒಂದು ಸೆಕೆಂಡು ತಪ್ಪಿದರೂ ವರ್ಷಗಟ್ಟಲೆ ಕಳೆದರೆ ಏನಾದೀತು? ಮುನ್ನೂರೈವತ್ತು ವರ್ಷದಲ್ಲಿ ಪುಸ್ತಕದ ಗ್ರಹ ಒಂದು ಕಡೆ, ಬಾನಿನ ಗ್ರಹ ಇನ್ನೊಂದು ಕಡೆ ಆಗಿತ್ತು. ಪುಣೆಯ ಗಣಿತದ ಪ್ರಾಧ್ಯಾಪಕ, ಲೋಕಮಾನ್ಯ ತಿಲಕರ ಗುರು ಕೇರೋ ಲಕ್ಷ್ಮಣ ಛತ್ರೆಯವರು ಐರೋಪ್ಯ ಕೋಷ್ಟಕಗಳ ಆಧಾರದಿಂದ 1860ರಲ್ಲೇ ಮರಾಠಿಯಲ್ಲಿ ಹೊಸ ಗ್ರಹಸಾಧನೆಯ ಕೋಷ್ಟಕ ಹೊರತಂದಿದ್ದರು. ಜೋಯಿಸರು ಅದನ್ನು ಸುಲಭಕ್ಕೆ ಒಪ್ಪಲಿಲ್ಲ. ಅವರಿಗೆ ಬೇಕಾಗಿದ್ದದ್ದು ಸಂಸ್ಕೃತದ ಶ್ಲೋಕ, ಕಂಠಪಾಠಕ್ಕೆ ಬರುವ ಕ್ರಮ, ಪರಂಪರೆಯ ಪರಿಭಾಷೆ.

ಕೇತಕರ ಮಾಸ್ತರರು ಕೈಹಾಕಿದ್ದು ಇಲ್ಲಿಯೇ. ಐರೋಪ್ಯ ಖಗೋಳಜ್ಞರು ಅಳೆದ ಆಧುನಿಕ ಅಂಕೆಗಳನ್ನು ತೆಗೆದುಕೊಂಡು ನಮ್ಮ ಜೋಯಿಸರು ಬಳಸಬಹುದಾದ ಸಂಸ್ಕೃತದ ಕೋಷ್ಟಕಗಳನ್ನಾಗಿ ಕಟ್ಟಿದರು. 1890ರ ಹೊತ್ತಿಗೆ ರಚಿಸಿದ ಜ್ಯೋತಿರ್ಗಣಿತಂ ಅಂಥ ದೊಡ್ಡ ಗ್ರಂಥ. ಅದು ಭಾರವಾಯಿತೆಂದೋ ಏನೋ, ಮುಂದೆ ಕೇತಕೀ ಗ್ರಹಗಣಿತಂ ಬರೆದರು. ಹೆಸರಿನ ಸೊಗಸು ನೋಡಿ. ತಮ್ಮ ಅಡ್ಡಹೆಸರೂ ಬಂತು, ಕೇದಗೆಯ ಹೂವೂ ಬಂತು. ವೈಜಯಂತೀ ಎಂಬುದು ಪಂಚಾಂಗ ಮಾಡುವವರಿಗೆ, ನಕ್ಷತ್ರ ವಿಜ್ಞಾನ ಮರಾಠಿ ಓದುಗರಿಗೆ. ಭಾರತದ ಮತ್ತು ಹೊರದೇಶಗಳ ಕಾಲಗಣನೆಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಗ್ರಂಥ 1923ರಲ್ಲಿ ಬಂತು. ಆಗ ಅವರಿಗೆ 69 ವರ್ಷ. ಹಗಲಿಗೆ ಶಾಲೆ, ಮಕ್ಕಳ ಹಾಜರಿ, ಇನ್‌ಸ್ಪೆಕ್ಟರರ ಭೇಟಿ. ಉಳಿದ ಹೊತ್ತಿನಲ್ಲಿ ದಶಮಾಂಶದ ಸಾಲುಗಳು. ಯಂತ್ರವಿಲ್ಲ, ಕ್ಯಾಲ್ಕುಲೇಟರ್ ಇಲ್ಲ. ಒಂದು ಗುಣಾಕಾರ ತಪ್ಪಿದರೆ ಹಿಂದಿನ ಪುಟವೆಲ್ಲ ಮತ್ತೆ ಮಾಡಬೇಕು. ಅವರ ಮನೆಯ ಹೆಂಗಸರು ಎಷ್ಟು ರಾತ್ರಿ ದೀಪಕ್ಕೆ ಎಣ್ಣೆ ಹಾಕಿದರೆಂದು ಯಾವ ಪುಸ್ತಕವೂ ಬರೆಯುವುದಿಲ್ಲ, ಬಿಡಿ.

ಇನ್ನೊಂದು ದೊಡ್ಡ ವಾದದಲ್ಲಿಯೂ ಅವರಿದ್ದರು. ರಾಶಿಚಕ್ರ ಎಲ್ಲಿಂದ ಆರಂಭ? ರೇವತಿ ನಕ್ಷತ್ರದ ಒಂದು ಮಂದ ತಾರೆಯಿಂದ ಎಂದು ತಿಲಕರ ಪಕ್ಷ. ಫಳಫಳ ಹೊಳೆಯುವ ಚಿತ್ರಾ ತಾರೆಯ ನೇರ ಎದುರಿನ ಬಿಂದುವಿನಿಂದ ಎಂದು ಕೊನೆಗೆ ಕೇತಕರರು ಗಟ್ಟಿಯಾಗಿ ನಿಂತ ಪಕ್ಷ. ಎರಡರ ನಡುವೆ ಸುಮಾರು ನಾಲ್ಕು ಅಂಶದ ಅಂತರ. ಸೂರ್ಯ ದಿನಕ್ಕೆ ಒಂದು ಅಂಶ ಸರಿಯುವುದರಿಂದ ನಾಲ್ಕು ದಿನದ ಅಂತರ. ಇಂದಿಗೂ ತಿಲಕ ಪಂಚಾಂಗ ನೋಡುವ ಮರಾಠಿ ಮನೆಗಳಲ್ಲಿ ಮಕರ ಸಂಕ್ರಾಂತಿ ಜನವರಿ 10ಕ್ಕೇ ಆಗಿಹೋಗುತ್ತದೆ, ನಾವು 14ಕ್ಕೋ 15ಕ್ಕೋ ಎಳ್ಳು ಬೀರುತ್ತೇವೆ. ಅಧಿಕಮಾಸವೂ ಕೆಲವೊಮ್ಮೆ ಬೇರೆ ಬೀಳುತ್ತದೆ. ಇಬ್ಬರೂ ಒಪ್ಪಿದ್ದು ಒಂದು ಮಾತನ್ನು: ಪಂಚಾಂಗ ಬಾನಿನಲ್ಲಿ ಕಾಣುವುದಕ್ಕೆ ಹೊಂದಬೇಕು. ಸ್ವಾತಂತ್ರ್ಯದ ನಂತರ ಮೇಘನಾದ ಸಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರ ವರದಿಯಲ್ಲಿ ಆರಿಸಿಕೊಂಡ ಆರಂಭಬಿಂದು ಚಿತ್ರಾ ಪಕ್ಷದ್ದೇ. ಅಡಿಗೆಮನೆಯ ಗೋಡೆಗೆ ನಾವು ತೂಗುಹಾಕುವ ಹೆಚ್ಚಿನ ಕ್ಯಾಲೆಂಡರುಗಳ ಹಿಂದೆ ಆ ಗೆಲುವಿದೆ. ಅದನ್ನು ನೋಡಲು ಮಾಸ್ತರರು ಇರಲಿಲ್ಲ.

ಈಗ ಬ್ರಹ್ಮ ಗ್ರಹಕ್ಕೆ ಬರುತ್ತೇನೆ.

ಶನಿಯವರೆಗಿನ ಗ್ರಹಗಳನ್ನು ಬರಿಗಣ್ಣಿಗೆ ಎಲ್ಲರೂ ಕಂಡಿದ್ದರು. 1781ರಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಹರ್ಷಲ್ ತಾನೇ ಮಾಡಿದ ದೂರದರ್ಶಕದಲ್ಲಿ ಯುರೇನಸ್ ಕಂಡ. ಅದು ಲೆಕ್ಕದ ದಾರಿ ಬಿಟ್ಟು ಅತ್ತಿತ್ತ ಹೊರಳುವುದನ್ನು ನೋಡಿ, ಆಚೆಯಿಂದ ಯಾರೋ ಸೆಳೆಯುತ್ತಿದ್ದಾರೆಂದು ಫ್ರಾನ್ಸಿನ ಲೆವೆರ್ಯೆ ಲೆಕ್ಕ ಹಾಕಿ, ಇಂಥ ಕಡೆ ನೋಡಿ ಎಂದು ಬರ್ಲಿನ್‌ಗೆ ಪತ್ರ ಬರೆದ. 1846ರ ಸೆಪ್ಟೆಂಬರ್ 23ರ ರಾತ್ರಿ ಅಲ್ಲಿ ಹುಡುಕಿದವರಿಗೆ, ಹೇಳಿದ ಜಾಗದಿಂದ ಒಂದು ಅಂಶದೊಳಗೆ ನೆಪ್ಚೂನ್ ಸಿಕ್ಕಿತು. ಬರಿ ಕಾಗದ ಪೆನ್ನಿನಿಂದ ಒಂದು ಗ್ರಹ! ಅಂದಿನಿಂದ ಗಣಿತ ಬಲ್ಲವರಿಗೆಲ್ಲ ನೆಪ್ಚೂನಿನ ಆಚೆಯದರ ಹುಚ್ಚು ಹಿಡಿಯಿತು.

ಕೇತಕರರ ದಾರಿ ಇವರೆಲ್ಲರಿಗಿಂತ ಬೇರೆ. ಅವರು ಸೆಳೆತ ಹುಡುಕಲಿಲ್ಲ, ತಾಳ ಹುಡುಕಿದರು. ಗುರುಗ್ರಹಕ್ಕೆ ಗೆಲಿಲಿಯೋ 1610ರಲ್ಲಿ ಕಂಡ ನಾಲ್ಕು ದೊಡ್ಡ ಚಂದ್ರರಿದ್ದಾರೆ. ಒಳಗಿನ ಮೂವರು ಅಯೋ, ಯುರೋಪಾ, ಗ್ಯಾನಿಮೀಡ್. ಗ್ಯಾನಿಮೀಡ್ ಒಂದು ಸುತ್ತು ಬರುವುದರಲ್ಲಿ ಯುರೋಪಾ ಎರಡು, ಅಯೋ ನಾಲ್ಕು. ಕೋಲಾಟದಲ್ಲಿ ಒಳಸುತ್ತಿನವರು ಬೇಗ, ಹೊರಸುತ್ತಿನವರು ನಿಧಾನ, ಆದರೂ ಕೋಲು ಬೀಳುವುದು ತಾಳಕ್ಕೆ ಸರಿಯಾಗಿ, ಹಾಗೆ. ಮೂವರೂ ಒಂದೇ ಬದಿಗೆ ಒಂದೇ ಸಾಲಿನಲ್ಲಿ ಎಂದೂ ಬರುವುದಿಲ್ಲ. ಈ ಕಟ್ಟನ್ನು ಬಿಡಿಸಿದವನು ಲಾಪ್ಲಾಸ್ ಎಂಬ ಫ್ರೆಂಚ್ ಗಣಿತಜ್ಞ. ಗುರುವಿನ ಅಂಗಳದ ಈ ಕೋಲಾಟ ಸೂರ್ಯನ ಅಂಗಳದಲ್ಲಿಯೂ ಇರಬಾರದೇಕೆ ಎಂದು ಬಾಗಲಕೋಟೆಯ ಮಾಸ್ತರರು ಯೋಚಿಸಿದರು. ಯುರೇನಸ್ಸಿಗೆ ಒಂದು ಸುತ್ತಿಗೆ 84 ವರ್ಷ, ನೆಪ್ಚೂನಿಗೆ ಸುಮಾರು 165. ಅದೇ ತಾಳ ಮುಂದುವರಿದರೆ?

ಉತ್ತರ 1911ರಲ್ಲಿ ಫ್ರೆಂಚ್ ಖಗೋಳ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ನೆಪ್ಚೂನಿನ ಆಚೆ ಎರಡು ಗ್ರಹಗಳಿವೆ, ಅವಕ್ಕೆ ಬ್ರಹ್ಮ, ವಿಷ್ಣು ಎಂದು ಹೆಸರು. ಬ್ರಹ್ಮ ಸೂರ್ಯನನ್ನು ಸುತ್ತಲು 242.28 ವರ್ಷ; ದೂರ, ಭೂಮಿ ಸೂರ್ಯನಿಂದ ಇರುವುದರ 38.95 ಪಟ್ಟು. ಆ ಕಾಲಕ್ಕೆ ಕಡಲಾಚೆಯ ಟಪಾಲು ಹಡಗೇರುತ್ತಿದ್ದದ್ದು ನಮ್ಮ ಮುಂಬಯಿ ಬಂದರಿನಲ್ಲಿ. ಬಾಗಲಕೋಟೆಯಲ್ಲಿ ಹೊರಟ ಆ ಬರಹದ ಲಕೋಟೆಯೂ ಈ ಊರನ್ನು ದಾಟಿಯೇ ಹೋಗಿರಬೇಕು ಎಂದುಕೊಳ್ಳುವುದು ನನಗೆ ಖುಷಿ.

ಆಮೇಲೆ ಹತ್ತೊಂಬತ್ತು ವರ್ಷ ಕಳೆಯಿತು. ಅಮೆರಿಕದ ಅರಿಝೋನಾದಲ್ಲಿ ಲೋವೆಲ್ ಎಂಬ ಶ್ರೀಮಂತ ಸ್ವಂತ ವೇಧಶಾಲೆ ಕಟ್ಟಿಸಿ, ಲೆವೆರ್ಯೆಯ ದಾರಿಯಲ್ಲಿ ತನ್ನದೇ ಒಂದು ಅಜ್ಞಾತ ಗ್ರಹ ಹುಡುಕುತ್ತ 1916ರಲ್ಲಿ ತೀರಿಕೊಂಡಿದ್ದ. ಅವನಿಗಾಗಿ ಆ ಭಾರಿ ಲೆಕ್ಕಗಳನ್ನು ಮಾಡಿಕೊಟ್ಟವರಲ್ಲಿ ಮುಖ್ಯಳು ಎಲಿಜಬೆತ್ ವಿಲಿಯಮ್ಸ್ ಎಂಬ ಪದವೀಧರೆ. 1922ರಲ್ಲಿ ಅವಳು ಮದುವೆಯಾದಳು, ಮದುವೆಯಾದ ಹೆಂಗಸಿಗೆ ಕೆಲಸ ಸಲ್ಲದೆಂದು ತೆಗೆದುಹಾಕಿದರು. ನಮ್ಮ ವಿಭಾಗದ ಸಂಚಿಕೆಯಲ್ಲಿ ಅವಳ ಹೆಸರು ಬರದಿದ್ದರೆ ಇನ್ನೆಲ್ಲಿ ಬಂದೀತು? ಅದೇ ವೇಧಶಾಲೆಯಲ್ಲಿ 1930ರ ಫೆಬ್ರವರಿಯಲ್ಲಿ ಕ್ಲೈಡ್ ಟಾಂಬೊ ಎಂಬ 24 ವರ್ಷದ ರೈತನ ಮಗ ಒಂದೇ ಬಾನಿನ ಎರಡು ಫೋಟೋಗಳನ್ನು ಹಿಂದೆಮುಂದೆ ನೋಡುತ್ತ, ಜಾಗ ಬದಲಿಸಿದ ಒಂದು ಮಂಕು ಚುಕ್ಕೆಯನ್ನು ಹಿಡಿದ. ಮಾರ್ಚ್ 13ಕ್ಕೆ ಜಗತ್ತಿಗೆ ಸಾರಿದರು. ಪ್ಲೂಟೊ ಎಂಬ ಹೆಸರು ಸೂಚಿಸಿದವಳು ಆಕ್ಸ್‌ಫರ್ಡಿನ 11 ವರ್ಷದ ಹುಡುಗಿ ವೆನಿಷಿಯಾ ಬರ್ನಿ. ನನ್ನ ಮೊಮ್ಮಗಳಿಗೆ ಇಡೀ ಕಥೆಯಲ್ಲಿ ಬಹಳ ಹಿಡಿಸಿದ್ದು ಇದು.

ಪ್ಲೂಟೊ ಸೂರ್ಯನನ್ನು ಸುತ್ತಲು ಹಿಡಿಯುವ ಕಾಲ ಸುಮಾರು 248 ವರ್ಷ. ದೂರ 39.5 ಪಟ್ಟು. ಕೇತಕರರ 242.28 ಮತ್ತು 38.95ರ ಪಕ್ಕಕ್ಕೆ ಇವನ್ನು ಇಟ್ಟು ನೋಡಿ, ಮೈ ಝುಮ್ಮೆನ್ನುತ್ತದೆ. ಮಾಸ್ತರರಿಗೆ ಆಗ 76 ವರ್ಷ. ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದ ಐದು ತಿಂಗಳೊಳಗೆ, 1930ರ ಆಗಸ್ಟಿನಲ್ಲಿ, ಅವರು ತೀರಿಕೊಂಡರು.

ಇಲ್ಲಿಗೆ ನಿಲ್ಲಿಸಿದರೆ ವಾಟ್ಸಾಪ್ ಸಂದೇಶವೇ ಗೆದ್ದಂತೆ. ಆದರೆ ಮೊಮ್ಮಗಳು ಕೇಳಿದ್ದು ಖರೆಯೋ ಸುಳ್ಳೋ ಎಂದು. ಕೇತಕರರು ಎಷ್ಟು ದೂರ, ಎಷ್ಟು ಕಾಲ ಎಂದು ಹೇಳಿದರೇ ಹೊರತು ಬಾನಿನ ಯಾವ ಕಡೆ ಎಂದು ಹೇಳಲಿಲ್ಲ. ದಿಕ್ಕಿಲ್ಲದೆ ಯಾರೂ ದೂರದರ್ಶಕ ತಿರುಗಿಸುವಂತಿಲ್ಲ. ದಾದರ್‌ನಿಂದ ಇಷ್ಟು ಮೈಲಿ ದೂರದಲ್ಲಿ ಮನೆ ಎಂದು ಹೇಳಿ, ಯಾವ ರಸ್ತೆ ಎಂದು ಹೇಳದಿದ್ದರೆ ಸಿಕ್ಕೀತೇ? ಆದ್ದರಿಂದ ಕಂಡುಹಿಡಿದವರು ಅವರೆನ್ನುವುದು ಸರಿಯಲ್ಲ. ಕದ್ದರೆನ್ನುವುದಂತೂ ಶುದ್ಧ ಸುಳ್ಳು, ಟಾಂಬೊ ಹುಡುಕಿದ್ದಕ್ಕೂ ಬಾಗಲಕೋಟೆಯ ಲೆಕ್ಕಕ್ಕೂ ಯಾವ ಕೊಂಡಿಯೂ ಇಲ್ಲ. ಅವರು ಹೇಳಿದ ವಿಷ್ಣು ಇಂದಿಗೂ ಸಿಕ್ಕಿಲ್ಲ. ಬ್ರಹ್ಮನ ಸುತ್ತಿನ ಕಾಲವನ್ನೂ ಅವರು ಸ್ವಲ್ಪ ತಪ್ಪಾಗಿಯೇ ಹಿಡಿದಿದ್ದರು. ನಿಜದಲ್ಲಿ ನೆಪ್ಚೂನಿನ ಮೂರು ಸುತ್ತಿಗೆ ಪ್ಲೂಟೊದ್ದು ಎರಡು.

ಕೆಂಪು ಗೀಟು ಸರಿಯಾಗಿತ್ತು. ಶಿಕ್ಷಕಿಯ ಬಗ್ಗೆ ಆ ದಿನ ಮನೆಯಲ್ಲಿ ನಾನು ಆಡಿದ ಮಾತು ಸರಿಯಿರಲಿಲ್ಲ.

ಹಾಗಾದರೆ ಲೋವೆಲ್ ಸರಿಯಿದ್ದನೇ? ಅದೂ ಇಲ್ಲ. ಅವನ ಗ್ರಹ ಭೂಮಿಯ ಏಳು ಪಟ್ಟು ತೂಕದ್ದಾಗಬೇಕಿತ್ತು. 1978ರಲ್ಲಿ ಪ್ಲೂಟೊದ ಚಂದ್ರ ಸಿಕ್ಕ ಮೇಲೆ ತೂಗಿ ನೋಡಿದರೆ, ಪ್ಲೂಟೊ ಭೂಮಿಯ ಐನೂರನೆಯ ಒಂದು ಪಾಲಿನಷ್ಟು. ನಮ್ಮ ಚಂದ್ರನಿಗಿಂತಲೂ ಹಗುರ. ಅದು ಯುರೇನಸ್ಸನ್ನು ಏನು ಎಳೆದೀತು? ಯುರೇನಸ್ಸಿನ ಉಳಿದ ತಪ್ಪುಗಳ ಗುಟ್ಟು ಬಿಡಿಸಿದ್ದು 1977ರಲ್ಲಿ ಹೊರಟ ವಾಯೇಜರ್-2 ನೌಕೆ. ಅದು 1979ರಲ್ಲಿ ಗುರು, 1981ರಲ್ಲಿ ಶನಿ, 1986ರಲ್ಲಿ ಯುರೇನಸ್, 1989ರ ಆಗಸ್ಟಿನಲ್ಲಿ ನೆಪ್ಚೂನ್ ಹೀಗೆ ನಾಲ್ಕು ದೈತ್ಯರ ಮನೆಗೂ ಹೋಯಿತು. ಯುರೇನಸ್, ನೆಪ್ಚೂನುಗಳ ಹತ್ತಿರ ಹೋದ ನೌಕೆ ಇಂದಿಗೂ ಅದೊಂದೇ. ಅದು ನೆಪ್ಚೂನಿನ ತೂಕ ಸರಿಯಾಗಿ ಅಳೆದುಕೊಟ್ಟಿತು. ಹೊಸ ತೂಕ ಹಾಕಿ 1993ರಲ್ಲಿ ಮತ್ತೆ ಲೆಕ್ಕ ಮಾಡಿದಾಗ ಯುರೇನಸ್ಸಿನ ತಪ್ಪುಗಳೇ ಮಾಯ. ಅಲ್ಲಿ ಇನ್ನೊಂದು ದೈತ್ಯ ಗ್ರಹ ಬೇಕಾಗಿಯೇ ಇರಲಿಲ್ಲ. ಅಂದರೆ ಶ್ರೀಮಂತ ಲೋವೆಲ್‌ಗೂ ಬಡ ಮಾಸ್ತರರಿಗೂ ಪ್ಲೂಟೊ ಹತ್ತಿರ ಬಂದದ್ದು ಕಾಕತಾಳೀಯವೇ. ಒಬ್ಬನ ಹೆಸರಿನ ಮೊದಲಕ್ಷರಗಳು ಪ್ಲೂಟೊದ ಗುರುತಿನ ಚಿಹ್ನೆಯಲ್ಲಿ ಉಳಿದವು, ಇನ್ನೊಬ್ಬರ ಹೆಸರು ಅವರ ಊರಿನವಳಾದ ನನಗೇ ಗೊತ್ತಿರಲಿಲ್ಲ. ಇದು ನ್ಯಾಯವೇ ಎಂದು ಕೇಳುವ ಹಕ್ಕು ಮಾತ್ರ ನಾನು ಬಿಟ್ಟುಕೊಡುವುದಿಲ್ಲ.

ಮಾಸ್ತರರ ಪರವಾಗಿ ಹೇಳಬೇಕಾದ್ದು ಇನ್ನೊಂದಿದೆ. ಅಂಕೆ ಸ್ವಲ್ಪ ತಪ್ಪಿದ್ದರೂ, ತಾಳವಿದೆ ಎಂಬ ಅವರ ಊಹೆ ಪೊಳ್ಳಾಗಲಿಲ್ಲ. ನೆಪ್ಚೂನ್ ಮತ್ತು ಪ್ಲೂಟೊ ಮೂರಕ್ಕೆ ಎರಡರ ಗತಿಯಲ್ಲಿ ಬಿಗಿಯಾಗಿ ಕಟ್ಟಿಕೊಂಡಿವೆ ಎಂದು 1960ರ ದಶಕದಲ್ಲಿ ಕಂಪ್ಯೂಟರ್ ಗಣಿತ ತೋರಿಸಿತು. ದಾರಿಗಳು ಅಡ್ಡ ಬಂದಂತೆ ಕಂಡರೂ ಅವು ಡಿಕ್ಕಿ ಹೊಡೆಯದಿರುವುದು ಆ ತಾಳದಿಂದಲೇ. ಅವರು ಮಾದರಿಯಾಗಿಟ್ಟುಕೊಂಡ ಗುರುವಿನ ಚಂದ್ರರ ಕಥೆ ಇನ್ನೂ ಚೆನ್ನ. ಈ ಕೋಲಾಟದಿಂದಾಗಿ ಅಯೋ ಹಿಂಡಿ ಹಿಂಡಿ ಬಿಸಿಯಾಗುತ್ತಿರಬೇಕು ಎಂದು ಮೂವರು ವಿಜ್ಞಾನಿಗಳು 1979ರ ಮಾರ್ಚ್ ಆರಂಭದಲ್ಲಿ ಬರೆದರು. ಅದೇ ತಿಂಗಳ 9ರಂದು, ವಾಯೇಜರ್-1 ಕಳಿಸಿದ ಚಿತ್ರ ನೋಡುತ್ತಿದ್ದ ಲಿಂಡಾ ಮೊರಾಬಿಟೊ ಎಂಬ ಯುವ ಎಂಜಿನಿಯರ್ ಅಯೋದ ಅಂಚಿನಲ್ಲಿ ಕೊಡೆಯಂತೆ ಎದ್ದ ಹೊಗೆ ಕಂಡಳು. ಅದು ಜ್ವಾಲಾಮುಖಿ. ಭೂಮಿಯಾಚೆ ಉಕ್ಕುತ್ತಿರುವ ಜ್ವಾಲಾಮುಖಿಯನ್ನು ಮನುಷ್ಯರು ಕಂಡದ್ದು ಅದೇ ಮೊದಲು. ಯುರೋಪಾದ ಹಿಮದಡಿಯ ಸಾಗರವನ್ನು ಬೆಚ್ಚಗಿಟ್ಟಿರುವುದೂ ಅದೇ ಹಿಂಡುವಿಕೆ. ಅದನ್ನು ನೋಡಲೆಂದೇ 2024ರ ಅಕ್ಟೋಬರಿನಲ್ಲಿ ಒಂದು ನೌಕೆ ಹೊರಟಿದೆ, 2030ಕ್ಕೆ ಗುರುವನ್ನು ಸೇರುತ್ತದೆ. ನನಗಾಗ 72, ಇದ್ದರೆ ನೋಡುತ್ತೇನೆ.

ಪ್ಲೂಟೊವನ್ನು 2006ರಲ್ಲಿ ಗ್ರಹಗಳ ಪಂಕ್ತಿಯಿಂದ ಎಬ್ಬಿಸಿ ಕುಬ್ಜಗ್ರಹ ಎಂದರು. 2015ರ ಜುಲೈ 14ರಂದು ನ್ಯೂ ಹೊರೈಝನ್ಸ್ ನೌಕೆ ಟಾಂಬೊನ ಚಿತಾಭಸ್ಮದ ಒಂದು ಚಿಟಿಕೆ ಹೊತ್ತು ಅದರ ಪಕ್ಕದಲ್ಲೇ ಹಾದುಹೋಯಿತು. ಕಂಡುಹಿಡಿದ ಮೇಲೆ ಪ್ಲೂಟೊ ಒಂದು ಸುತ್ತು ಮುಗಿಸುವುದು 2178ರಲ್ಲಿ. ಕೇತಕರರ 242ಕ್ಕಿಂತ ಆರು ವರ್ಷ ಹೆಚ್ಚು.

ಬಾಗಲಕೋಟೆಯ ಹಳೆಯ ಓಣಿಗಳೆಷ್ಟೋ ಆಲಮಟ್ಟಿಯ ಹಿನ್ನೀರಿಗೆ ಹೋದವು. ನಮ್ಮ ಮನೆಯೂ ಹೋಯಿತು. ಕಳೆದ ವರ್ಷ ಹೋಳಿಗೆ ಹೋದಾಗ ಮೊಮ್ಮಗಳನ್ನು ಕರೆದುಕೊಂಡು ನೀರಿನ ಅಂಚಿಗೆ ಹೋಗಿ, ಅಗೋ ಅಲ್ಲಿ ಎಂದು ಬೆರಳು ತೋರಿಸಿದೆ. ಕಂಡದ್ದು ನೀರು ಮಾತ್ರ. ದೂರ ಎಷ್ಟೆಂದು ಹೇಳಬೇಡ ಅಜ್ಜಿ, ದಿಕ್ಕು ಸರಿಯಾಗಿ ತೋರಿಸು ಎಂದು ಅವಳು ನಕ್ಕಳು. ಬಣ್ಣದ ಬಂಡಿಗಳು, ಹಲಗೆಯ ಸದ್ದು ಊರ ತುಂಬ ಇತ್ತು. ಹುಣ್ಣಿಮೆ ಯಾವತ್ತು ಎಂದು ಆ ಸಲ ಯಾರೂ ಜಗಳವಾಡಿರಲಿಲ್ಲ.

ನಮ್ಮ ಅಜ್ಜಿಯ ಮಾತು ಅರ್ಧಕ್ಕೆ ಬಿಟ್ಟೆ. 1983ರಲ್ಲಿ ಅವಳು ಹೋದಳು, ಒಂದು ಮಧ್ಯಾಹ್ನ. ಅಪ್ಪ ತಮ್ಮ ಪಂಚಾಂಗ ತೆಗೆದರು, ಕಾಕಾ ತಮ್ಮದು ತೆಗೆದರು. ಎರಡರಲ್ಲಿಯೂ ತದಿಗೆ. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರುವರ್ಷದಿಂದ ಅಜ್ಜಿಯ ಶ್ರಾದ್ಧಕ್ಕೆ ಕಾಕಾ ನಮ್ಮ ಮನೆಗೇ ಬರತೊಡಗಿದರು.

ಚಾರ್ಟ್ ಈಗಲೂ ನಮ್ಮ ಸಯನ್ ಮನೆಯ ಅಡಿಗೆಮನೆಯ ಬಾಗಿಲಿಗೆ ಇದೆ, ಪಕ್ಕದಲ್ಲೇ ಕ್ಯಾಲೆಂಡರ್. ಕೆಂಪು ಗೀಟಿನ ಸಾಲನ್ನು ಅವಳು ಅಳಿಸಿಲ್ಲ. ಕೆಳಗೆ ಒಂದು ಪುಟ್ಟ ಕೋಷ್ಟಕ ಹಾಕಿದ್ದಾಳೆ: ಕೇತಕರ ಮಾಸ್ತರರ ಬ್ರಹ್ಮ ಒಂದು ಕಡೆ, ಪ್ಲೂಟೊ ಇನ್ನೊಂದು ಕಡೆ, ಕಾಲ, ದೂರ ಎರಡನ್ನೂ ತುಂಬಿದ್ದಾಳೆ. ದಿಕ್ಕು ಎಂಬ ಮನೆಯಲ್ಲಿ ಬ್ರಹ್ಮನ ಕೆಳಗೆ ಖಾಲಿ ಬಿಟ್ಟಿದ್ದಾಳೆ.